ಫೌಲೋ ಔಟೋ: ಸೀಟಿ ಬಾಯಲ್ಲಿಟ್ಟುಕೊಂಡು ಕಲಿತದ್ದು

ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ರೆಫರಿಯಾಗಿ ನನ್ನ ಎರಡನೇ ಸೀಸನ್. ಅಮೆರಿಕದ ಒಹಾಯೊದಲ್ಲಿ ಒಂದು ಚಿಕ್ಕ ಕಾಲೇಜಿನ ಜಿಮ್. ಫೆಬ್ರವರಿಯ ರಾತ್ರಿ, ಹೊರಗೆ ಹಿಮ. ಆಟ ಮುಗಿಯಲು ನಲವತ್ತು ಸೆಕೆಂಡು, ಸ್ಕೋರ್ ಸಮ. ನಾನು ಬೇಸ್‌ಲೈನ್ ಹತ್ತಿರ ಬುಟ್ಟಿಯ ಪಕ್ಕ ನಿಂತಿದ್ದೆ. ಬುಟ್ಟಿಗೆ ಬೀಳದೆ ಪುಟಿದ ಬಾಲಿಗೆ ಇಬ್ಬರು ಹಾರಿದರು, ಒಬ್ಬ ಬಿಳಿ ಜೆರ್ಸಿ, ಒಬ್ಬ ನೀಲಿ. ನಾಲ್ಕು ಕೈ, ಒಂದು ಬಾಲ್. ಅದು ನನ್ನ ಬೂಟಿನ ಪಕ್ಕದಲ್ಲೇ ಗೆರೆ ದಾಟಿ ಗೋಡೆಗೆ ಬಡಿಯಿತು.

ಸೀಟಿ ಊದಿದೆ, ಕೈ ಎತ್ತಿದೆ. ಇಬ್ಬರು ಹುಡುಗರೂ ನಮ್ಮ ಬಾಲ್, ನಮ್ಮ ಬಾಲ್ ಅಂತ ಕೈ ತೋರಿಸುತ್ತಿದ್ದರು. ಅಷ್ಟು ಹತ್ತಿರ ಇದ್ದರೂ ಕೊನೆಗೆ ತಾಗಿದ್ದು ಯಾರ ಕೈ ಅಂತ ನನಗೆ ಕಂಡಿರಲಿಲ್ಲ. ನಾನು ನೋಡುತ್ತಿದ್ದದ್ದು ಅವರ ಸೊಂಟ, ಭುಜ. ಯಾರಾದರೂ ತಳ್ಳುತ್ತಾರಾ ಅಂತ ಕಾಯುತ್ತಿದ್ದೆ. ಆದರೂ ಬಾಲ್ ಬಿಳಿಯವರದು ಅಂತ ದಿಕ್ಕು ತೋರಿಸಿಬಿಟ್ಟೆ.

ಮಾರನೇ ದಿನ ವಿಡಿಯೊ ನೋಡಿದೆ. ಕೊನೆಗೆ ತಾಗಿದ್ದು ಬಿಳಿ ಹುಡುಗನ ಕೈಯೇ. ಬಾಲ್ ನೀಲಿಯವರಿಗೆ ಹೋಗಬೇಕಿತ್ತು. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಎದುರು ಬದಿಯಲ್ಲಿದ್ದ ನನ್ನ ಜೊತೆ ರೆಫರಿಗೆ ಅದು ಕಂಡಿತ್ತು. ಹೇಳೋಣ ಅಂತ ಎರಡು ಹೆಜ್ಜೆ ಮುಂದೆ ಬಂದಿದ್ದ ಕೂಡ. ನಾನು ಅವನ ಕಡೆ ಒಮ್ಮೆಯೂ ತಿರುಗಿರಲಿಲ್ಲ. ನೀಲಿ ತಂಡ ಎರಡು ಪಾಯಿಂಟಿನಿಂದ ಸೋತಿತು.

ನಾನು ಬಾಸ್ಕೆಟ್‌ಬಾಲ್ ಕಲಿತದ್ದು ಮೈಸೂರಿನಲ್ಲಿ, ಎಂಜಿನಿಯರಿಂಗ್ ಓದುವಾಗ, ಸಿಮೆಂಟ್ ಕೋರ್ಟಿನ ಮೇಲೆ. ಓದಲು ಅಮೆರಿಕಕ್ಕೆ ಬಂದೆ, ಕೆಲಸ ಸಿಕ್ಕಿತು, ಇಲ್ಲೇ ಉಳಿದೆ. ಆಟ ಬಿಡಲು ಮನಸ್ಸಿರಲಿಲ್ಲ. ಹೈಸ್ಕೂಲ್ ಪಂದ್ಯಗಳಿಗೆ ರೆಫರಿಯಾದೆ. ಆಮೇಲೆ ಕಮ್ಯುನಿಟಿ ಕಾಲೇಜು, ಈಗ ಡಿವಿಷನ್ ಮೂರರ, ಅಂದರೆ ಕಾಲೇಜು ಆಟದ ಮೂರನೇ ಹಂತದ, ಕಾಲೇಜುಗಳು. ಹಗಲು ಕಂಪ್ಯೂಟರ್ ಮುಂದೆ, ಚಳಿಗಾಲದ ರಾತ್ರಿಗಳಲ್ಲಿ ಪಟ್ಟೆ ಅಂಗಿ.

ಆ ಸೋಲಿನ ನಂತರ ಬಹಳ ಯೋಚನೆ ಮಾಡಿದೆ. ನನಗೆ ರೂಲ್ಸ್ ಗೊತ್ತಿತ್ತು. ಕಣ್ಣು ಚೆನ್ನಾಗಿದೆ. ಹಾಗಿದ್ದರೆ ಎಡವಿದ್ದು ಎಲ್ಲಿ? ಎದುರಾಳಿಗೆ ಮೈ ತಾಗಿಸಿ ಮಾಡುವ ತಪ್ಪು ಫೌಲ್, ಬಾಲ್ ಗೆರೆ ದಾಟಿದರೆ ಔಟ್. ಎರಡನ್ನೂ ನಾನು ಒಂದೇ ಥರ ನೋಡುತ್ತಿದ್ದೆ. ಅವೆರಡಕ್ಕೂ ಬೇಕಾದ ಮನಸ್ಸೇ ಬೇರೆ.

ಫೌಲ್ ವಿಷಯದಲ್ಲಿ ಅನುಮಾನ ಬಂದರೆ ಊದದೇ ಇರಬಹುದು. ಆಟ ನಡೆಯುತ್ತಾ ಹೋಗುತ್ತದೆ. ಪೂರ್ತಿ ಕಾಣದ್ದನ್ನು ಊಹೆ ಮಾಡಿ ಊದಿದರೆ, ತಪ್ಪು ಮಾಡದ ಹುಡುಗನ ಲೆಕ್ಕಕ್ಕೆ ಒಂದು ಫೌಲ್ ಸೇರುತ್ತದೆ. ಐದಾದರೆ ಅವನು ಬೆಂಚಿಗೆ. ಔಟ್ ವಿಷಯದಲ್ಲಿ ಸುಮ್ಮನಿರೋಕೆ ಆಗಲ್ಲ. ಬಾಲ್ ಗೆರೆ ದಾಟಿದೆ, ಎಲ್ಲರೂ ನೋಡಿದ್ದಾರೆ. ಊದಲೇಬೇಕು, ಬಾಲ್ ಯಾರದು ಅಂತ ಹೇಳಲೇಬೇಕು. ಆದರೆ ಅದನ್ನು ನಾನೊಬ್ಬನೇ, ಅದೇ ಕ್ಷಣ ಹೇಳಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ಮಾಡುತ್ತಿದ್ದದ್ದು ಉಲ್ಟಾ. ಫೌಲಿಗೆ ಅವಸರದಲ್ಲಿ ಊದುತ್ತಿದ್ದೆ, ಔಟ್ ಆದಾಗ ಯಾರನ್ನೂ ಕೇಳುತ್ತಿರಲಿಲ್ಲ.

ಕಾಲೇಜು ಪಂದ್ಯಕ್ಕೆ ನಾವು ಮೂವರು. 94 ಅಡಿ ಉದ್ದ, 50 ಅಡಿ ಅಗಲದ ಕೋರ್ಟು, ಹತ್ತು ಜನ ಆಟಗಾರರು. ಬೇಸ್‌ಲೈನ್‌ನಲ್ಲಿ ನಿಲ್ಲುವವನು ಲೀಡ್. ಪಕ್ಕದಲ್ಲಿ, ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯುವ ಶಾಟ್) ಗೆರೆಯ ನೇರಕ್ಕೆ ಇರುವವನು ಸೆಂಟರ್. ಹಿಂದೆ ಉಳಿಯುವವನು ಟ್ರೇಲ್. ಬಾಲ್ ಓಡಾಡಿದ ಹಾಗೆ ಜಾಗ ಬದಲಾಗುತ್ತಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪ್ರದೇಶ. ಬಾಲ್ ನನ್ನ ಪ್ರದೇಶದಲ್ಲಿ ಇಲ್ಲದಿದ್ದರೆ ನಾನು ಬಾಲ್ ನೋಡಬಾರದು. ಬಾಲ್ ಹಿಂದೆ ಕಣ್ಣು ಓಡಿಸುವ ಹಳೇ ಆಟಗಾರನಿಗೆ ಇದು ತುಂಬಾ ಕಷ್ಟ. ನನ್ನನ್ನು ತಿದ್ದಿದ ಹಿರಿಯ ರೆಫರಿ ಒಬ್ಬರು ಪ್ರತಿ ಸಲ ಹೇಳುತ್ತಿದ್ದರು: "ಬಾಲ್ ಯಾವತ್ತೂ ಫೌಲ್ ಮಾಡಲ್ಲ ಕಣಪ್ಪಾ. ಡಿಫೆಂಡರ್ ನೋಡು."

ಡಿಫೆಂಡರ್ ಅಂದರೆ ಎದುರಾಳಿಯನ್ನು ತಡೆಯುವವನು. ಅವನನ್ನು ನೋಡೋದು ಅಂದರೆ ಅವನ ಎದೆ, ಸೊಂಟ, ಕಾಲು. ಅವನು ಮೊದಲು ಎರಡೂ ಕಾಲೂರಿ ಎದುರಾಳಿಗೆ ಮುಖ ಕೊಟ್ಟು ಜಾಗ ಹಿಡಿದನಾ? ಹಿಡಿದಿದ್ದರೆ ಆಮೇಲೆ ಪಕ್ಕಕ್ಕೆ, ಹಿಂದಕ್ಕೆ ಜರುಗಬಹುದು. ಕಂಬದ ಹಾಗೆ ನಿಂತಿರಬೇಕು ಅನ್ನೋದು ಪ್ರೇಕ್ಷಕರ ನಂಬಿಕೆ, ರೂಲ್ ಅಲ್ಲ. ಮೇಲಕ್ಕೆ ನೇರವಾಗಿ ಹಾರಬಹುದು, ಕೈ ನೇರ ಎತ್ತಬಹುದು. ಅವನ ಎದೆ ಮುಂದಕ್ಕೆ ಬಾಗಿ ಶೂಟರ್ ಜಾಗಕ್ಕೆ ನುಗ್ಗಿತೋ, ಆಗ ಫೌಲ್.

ಡಿಕ್ಕಿಯಾದಾಗ ತಪ್ಪು ಡಿಫೆಂಡರ್‌ನದಾದರೆ ಬ್ಲಾಕ್, ಬಾಲ್ ಹಿಡಿದು ನುಗ್ಗಿದವನದಾದರೆ ಚಾರ್ಜ್. ಬ್ಲಾಕಾ ಚಾರ್ಜಾ ಅನ್ನೋದು ಇಡೀ ಆಟದಲ್ಲೇ ಕಷ್ಟದ ತೀರ್ಮಾನ. ಪುರುಷರ ಕಾಲೇಜು ಆಟದಲ್ಲಿ 2023-24ರಿಂದ ರೂಲ್ ಸ್ವಲ್ಪ ಬದಲಾಯಿತು. ಬಾಲ್ ಹಿಡಿದವನು ಶೂಟ್ ಮಾಡಲು ಹಾರುವುದಕ್ಕೆ ಕಾಲೂರುವ ಹೊತ್ತಿಗೇ ಡಿಫೆಂಡರ್ ಜಾಗದಲ್ಲಿ ಇರಬೇಕು. ಅದಕ್ಕೂ ಮುಂಚೆ, ಕೊನೇ ಗಳಿಗೆಯಲ್ಲಿ ಅಡ್ಡ ಬಂದು ಬಿದ್ದು ಚಾರ್ಜ್ ಗಿಟ್ಟಿಸುವುದು ಸುಲಭವಾಗಿತ್ತು. ಈ ಬದಲಾವಣೆ ನನಗೆ ಇಷ್ಟ. ಹುಡುಗರಿಗೆ ಪೆಟ್ಟು ಕಡಿಮೆ, ನನಗೂ ನೋಡಲು ಒಂದು ಗಟ್ಟಿ ಗುರುತು ಸಿಕ್ಕಿತು. ಆ ಕಾಲು ನೆಲ ಮುಟ್ಟಿದ ಕ್ಷಣದಲ್ಲಿ ಡಿಫೆಂಡರ್ ಎಲ್ಲಿದ್ದ? ಮನಸ್ಸಿನಲ್ಲಿ ಆ ಒಂದು ಚಿತ್ರ ಹಿಡಿದಿಟ್ಟುಕೊಳ್ಳುತ್ತೇನೆ. ಆಮೇಲೆ ಅವರು ಡಿಕ್ಕಿ ಹೊಡೆದು ಬೀಳುವ ಸದ್ದು, ಬೆಂಚಿನ ಕೂಗು, ಯಾವುದೂ ಆ ಚಿತ್ರವನ್ನು ಅಳಿಸಬಾರದು. ಬುಟ್ಟಿ ಕೆಳಗೆ ನಾಲ್ಕು ಅಡಿಯ ಕಮಾನು ಗೆರೆ ಬೇರೆ ಇದೆ. ಸಹಾಯಕ್ಕೆ ಓಡಿ ಬಂದ ಡಿಫೆಂಡರ್ ಕಾಲು ಅದರ ಮೇಲೋ ಒಳಗೋ ಇದ್ದರೆ ಚಾರ್ಜ್ ಸಿಗಲ್ಲ.

ಇಷ್ಟೆಲ್ಲ ಕಾಣಬೇಕಾದರೆ ಇಬ್ಬರ ನಡುವಿನ ಸಂದು ಕಾಣಬೇಕು. ಒಬ್ಬನ ಬೆನ್ನು ಇನ್ನೊಬ್ಬನಿಗೆ ಮರೆಯಾದರೆ, ಎರಡು ಅಡಿ ದೂರದಲ್ಲಿ ನಿಂತರೂ ಏನೂ ಕಾಣಲ್ಲ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಇಪ್ಪತ್ತು ಅಡಿಯಿಂದಲೂ ಕಾಣುತ್ತದೆ. ನನ್ನ ತಪ್ಪು ಫೌಲ್‌ಗಳ ವಿಡಿಯೊ ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚಿನವುಗಳಲ್ಲಿ ನಾನು ಯಾರದೋ ಬೆನ್ನ ಹಿಂದಿದ್ದೆ. ಡಿಕ್ಕಿಯ ಅರೆ ಕ್ಷಣದ ಮುಂಚೆ ನಾನು ಓಡುತ್ತಲೂ ಇದ್ದೆ. ಓಡುವಾಗ ಕಣ್ಣು ಅಲುಗುತ್ತದೆ. ಈಗ ಬಾಲ್ ಹಿಡಿದವನು ಬುಟ್ಟಿ ಕಡೆ ನುಗ್ಗತೊಡಗಿದ ಹಾಗೆ ಜಾಗ ಸೇರಿಕೊಂಡು ನಿಂತುಬಿಡುತ್ತೇನೆ.

ಊದುವ ಮುಂಚೆ ಇನ್ನೊಂದು ಉಸಿರು ಕಾಯುವುದೂ ಕಲಿತೆ. ತಾಗಿದ್ದೆಲ್ಲ ಫೌಲ್ ಅಲ್ಲ. ಬಾಲ್ ಮೇಲಿರುವ ಕೈಗೆ ಡಿಫೆಂಡರ್ ಕೈ ತಾಗಿದರೆ ಅದು ಫೌಲ್ ಅಲ್ಲ. ಅದೇ ಪೆಟ್ಟು ಮಣಿಕಟ್ಟಿನ ಮೇಲೆ ಬಿದ್ದರೆ ಫೌಲ್. ಸದ್ದು ನಂಬಿಕೊಂಡು ಊದಿದರೆ ಕೆಟ್ಟೆ. ಬಾಲಿನ ಮೇಲೆ ಬೀಳುವ ಅಂಗೈ ಜೋರಾಗಿ ಪಟ್ ಅನ್ನುತ್ತದೆ, ಇಡೀ ಜಿಮ್ ಫೌಲ್ ಅಂತ ಕೂಗುತ್ತದೆ. ಮುಂಗೈ ಮೇಲೆ ಬಿದ್ದ ನಿಜವಾದ ಪೆಟ್ಟು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಹೊರಗಡೆ ಬಾಲ್ ಬಡಿಯುತ್ತಾ ಬರುವವನ ವಿಷಯ ಬೇರೆ. ಅವನ ಮೇಲೆ ಎರಡೂ ಕೈ ಇಟ್ಟರೆ, ಮೊಣಕೈ ಮಡಿಚಿ ಅಡ್ಡ ಹಿಡಿದರೆ, ಕೈ ಇಟ್ಟುಕೊಂಡೇ ಇದ್ದರೆ, ಪದೇ ಪದೇ ಚುಚ್ಚಿದರೆ ನೇರ ಫೌಲ್. 2013-14ರಲ್ಲಿ ಇದನ್ನು ಪುರುಷರ ರೂಲ್ ಪುಸ್ತಕದೊಳಗೇ ತಂದರು. ಅಲ್ಲಿ ಕಾಯುವ ಮಾತಿಲ್ಲ.

2019ರ ಏಪ್ರಿಲ್ 6, ಮಿನಿಯಾಪೊಲಿಸ್, ಪುರುಷರ ಕಾಲೇಜು ಆಟದ ರಾಷ್ಟ್ರೀಯ ಸೆಮಿಫೈನಲ್. ಆಬರ್ನ್ 62, ವರ್ಜೀನಿಯಾ 60. ವರ್ಜೀನಿಯಾದ ಕೈಲ್ ಗೈ ಮೂಲೆಯಿಂದ ಮೂರು ಪಾಯಿಂಟಿನ ಶಾಟ್ ಎಸೆದ, ಬೀಳಲಿಲ್ಲ. ಸೀಟಿ ಬಿತ್ತು. ಡಿಫೆಂಡರ್ ಸಮೀರ್ ಡೌಟಿ ಮೇಲೆ ಫೌಲ್, ಗಡಿಯಾರದಲ್ಲಿ 0.6 ಸೆಕೆಂಡು. ಗೈ ಮೂರೂ ಫ್ರೀ ಥ್ರೋ ಹಾಕಿದ, ವರ್ಜೀನಿಯಾ 63-62ರಿಂದ ಗೆದ್ದಿತು. ನಾನು ಮನೆಯಲ್ಲಿ ಟೀವಿ ಮುಂದೆ ಕೂತು, ಇಂಥ ಹೊತ್ತಲ್ಲಿ ಊದಬಾರದಿತ್ತು ಅಂದುಕೊಂಡೆ. ಆಮೇಲೆ ಡೌಟಿಯ ಸೊಂಟ ಒಂದನ್ನೇ ನೋಡುತ್ತಾ ಎಷ್ಟೋ ಸಲ ರೀಪ್ಲೇ ನೋಡಿದೆ. ಅವನು ನೇರ ಹಾರಿಲ್ಲ. ಮೈ ಮುಂದಕ್ಕೆ ತೇಲಿ, ಗಾಳಿಯಲ್ಲಿರುವ ಶೂಟರ್‌ಗೆ ತಾಗಿದೆ. ಮೊದಲ ನಿಮಿಷದಲ್ಲಿ ಅದು ಫೌಲ್ ಆದರೆ ಕೊನೇ ಸೆಕೆಂಡಿನಲ್ಲೂ ಫೌಲೇ ಅಲ್ವಾ? ಅದೇ ಆಟದಲ್ಲಿ ಸ್ವಲ್ಪ ಮುಂಚೆ ವರ್ಜೀನಿಯಾದ ಒಂದು ಡಬಲ್ ಡ್ರಿಬಲ್ (ಬಾಲ್ ಬಡಿಯುವುದು ನಿಲ್ಲಿಸಿ ಮತ್ತೆ ಬಡಿಯುವ ತಪ್ಪು) ರೆಫರಿಗಳ ಕಣ್ಣಿಗೆ ತಪ್ಪಿಹೋಗಿತ್ತು, ಆಬರ್ನ್ ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ಫೌಲ್ ಊದಿದ ರೆಫರಿಗೆ ಎದೆಗಾರಿಕೆ ಇತ್ತು. ಅದಕ್ಕಿಂತ ಮುಖ್ಯವಾಗಿ, ಅವರು ಕಾಣುವ ಜಾಗದಲ್ಲಿ ನಿಂತಿದ್ದರು.

ಎರಡು ದಿನ ಬಿಟ್ಟು ಅದೇ ಊರಿನಲ್ಲಿ ಫೈನಲ್, ವರ್ಜೀನಿಯಾ ಮತ್ತು ಟೆಕ್ಸಸ್ ಟೆಕ್. ಓವರ್‌ಟೈಮ್‌ನ ಕೊನೇ ಎರಡು ನಿಮಿಷದೊಳಗೆ ಟೆಕ್ಸಸ್ ಟೆಕ್‌ನ ಡೇವಿಡೆ ಮೊರೆಟ್ಟಿ ಕೈಯಲ್ಲಿದ್ದ ಬಾಲನ್ನು ವರ್ಜೀನಿಯಾದ ಡಿಆಂಡ್ರೆ ಹಂಟರ್ ಹೊಡೆದ, ಬಾಲ್ ಔಟ್. ಬರಿಗಣ್ಣಿಗೆ ಅದು ಟೆಕ್ಸಸ್ ಟೆಕ್ ಬಾಲೇ. ರೆಫರಿಗಳೂ ಹಾಗೇ ಕೊಟ್ಟರು. ರೀಪ್ಲೇಯಲ್ಲಿ ನಿಧಾನ ಮಾಡಿ ನೋಡಿದರೆ ಬಾಲ್ ಹೋಗುವಾಗ ಮೊರೆಟ್ಟಿಯ ಕಿರುಬೆರಳು ಸವರಿತ್ತು. ಬಾಲ್ ವರ್ಜೀನಿಯಾಕ್ಕೆ ಹೋಯಿತು, ಅವರು 85-77ರಿಂದ ಗೆದ್ದರು. ಕೊನೆಗೆ ಯಾರಿಗೆ ತಾಗಿತು ಅನ್ನೋದೇ ರೂಲ್ ಆದ್ದರಿಂದ ಆ ತೀರ್ಮಾನ ಸರಿ. ಆದರೆ ಕೋರ್ಟಿನಲ್ಲಿ ನಿಂತ ಯಾವ ಮನುಷ್ಯನಿಗೂ ಅದು ಕಾಣುವುದು ಸಾಧ್ಯವಿರಲಿಲ್ಲ.

ನನಗೆ ಕಾಣಲು ಸಾಧ್ಯವಿರುವುದು ಬೇರೆ. ಬಾಲಿನ ಮೇಲಿನ ಕಪ್ಪು ಗೆರೆಗಳನ್ನು ನೋಡುತ್ತೇನೆ. ಪಾಸ್ ಆಗಿ ಬರುವ ಬಾಲ್ ಒಂದೇ ಹದದಲ್ಲಿ ಹಿಂದಕ್ಕೆ ಸುತ್ತುತ್ತಿರುತ್ತದೆ. ಬೆರಳು ತಾಗಿದರೆ ಆ ಸುತ್ತು ಮುರಿಯುತ್ತದೆ, ಗೆರೆಗಳು ಅಡ್ಡಾದಿಡ್ಡಿ ಆಗುತ್ತವೆ. ಬೆರಳು ಕಾಣದಿದ್ದರೂ ಸುತ್ತು ಬದಲಾದದ್ದು ಕಾಣುತ್ತದೆ. ಕಾಲಿನ ವಿಷಯಕ್ಕೆ ಬಂದರೆ, ಗೆರೆ ಮುಟ್ಟಿದರೇ ಔಟ್. ಹಾಗಾಗಿ ಬೂಟಿಗೂ ಗೆರೆಗೂ ನಡುವೆ ಮರದ ಬಣ್ಣ ಕಾಣುತ್ತಾ ಅಂತ ನೋಡುತ್ತೇನೆ. ಒಂದು ಎಳೆ ಕಂಡರೂ ಆಟ ಮುಂದುವರಿಯಲಿ. ಔಟ್ ಆಗುವ ಬಾಲ್ ಉಳಿಸಲು ಹಾರಿದವನ ಕಾಲು ಕೊನೆಗೆ ನೆಲ ಬಿಟ್ಟದ್ದು ಎಲ್ಲಿ ಅನ್ನೋದೇ ಲೆಕ್ಕ. ಒಳಗಿನಿಂದ ಹಾರಿದ್ದರೆ, ಗೆರೆ ಆಚೆ ಗಾಳಿಯಲ್ಲಿ ತೇಲುತ್ತಾ ಬಾಲ್ ಒಳಗೆ ಎಸೆದರೂ ಸರಿ.

2025-26ರಿಂದ ಪುರುಷರ ಆಟದಲ್ಲಿ ಕೋಚ್‌ಗಳಿಗೇ ಚಾಲೆಂಜ್ ಕೊಟ್ಟಿದ್ದಾರೆ. ಔಟ್ ತೀರ್ಮಾನವನ್ನು ಪ್ರಶ್ನಿಸಬಹುದು, ಕೈಯಲ್ಲಿ ಟೈಮ್‌ಔಟ್ ಇರಬೇಕು. ಮೊದಲು ಕೊನೇ ಎರಡು ನಿಮಿಷದಲ್ಲಿ ರೆಫರಿಗಳೇ ಮತ್ತೆ ಮತ್ತೆ ಮಾನಿಟರ್‌ಗೆ ಹೋಗಿ ಆಟ ಎಳೆಯುತ್ತಿತ್ತು. ಇದು ಒಳ್ಳೆಯದೇ. ಆದರೆ ನಾನು ಹೋಗುವ ಎಷ್ಟೋ ಜಿಮ್‌ಗಳಲ್ಲಿ ಮಾನಿಟರ್ ಇಲ್ಲ. ಅಲ್ಲಿ ನಮ್ಮ ಮೂವರ ಆರು ಕಣ್ಣು, ಅಷ್ಟೇ.

ಅದಕ್ಕೇ ಪ್ರತಿ ಪಂದ್ಯದ ಮುಂಚೆ ಡ್ರೆಸಿಂಗ್ ರೂಮಿನಲ್ಲಿ ಇದನ್ನು ಮಾತಾಡಿಯೇ ಹೊರಬರುತ್ತೇವೆ. ಔಟ್ ಆದಾಗ ಕಂಡಿಲ್ಲವಾದರೆ ಕೈ ಎತ್ತಿ ನಿಲ್ಲು, ದಿಕ್ಕು ತೋರಿಸಬೇಡ, ನಮ್ಮ ಕಡೆ ನೋಡು. ಕಂಡವನು ಬೇಗ ಹೇಳಲಿ. ನಾನು ತೋರಿಸಿಬಿಟ್ಟ ಮೇಲೂ ನಿನಗೆ ಖಂಡಿತ ಬೇರೆ ಕಂಡಿದ್ದರೆ ಓಡಿ ಬಂದು ಹೇಳು, ಬದಲಾಯಿಸುವುದು ನಾನೇ. ಇಬ್ಬರೂ ಒಟ್ಟಿಗೆ ಫೌಲ್ ಊದಿದರೆ ಮುಷ್ಟಿ ಮೇಲೆತ್ತಿ ಮೊದಲು ಕಣ್ಣು ಸೇರಿಸೋಣ. ಒಬ್ಬ ಬ್ಲಾಕ್ ಅಂತ, ಇನ್ನೊಬ್ಬ ಚಾರ್ಜ್ ಅಂತ ತೋರಿಸಿದರೆ ಆಮೇಲೆ ನಮ್ಮನ್ನು ನಂಬುವವರು ಯಾರು?

ಮನೆಗೆ ಬಂದ ಮೇಲೆ ನನ್ನ ಸೀಟಿಗಳನ್ನೆಲ್ಲ ವಿಡಿಯೊದಲ್ಲಿ ನೋಡುತ್ತೇನೆ, ಸೌಂಡ್ ಆಫ್ ಮಾಡಿ. ಮೊದಲು ಹುಡುಕುವುದು ನನ್ನನ್ನೇ: ಎಲ್ಲಿ ನಿಂತಿದ್ದೆ, ಮುಖ ಯಾವ ಕಡೆ ಇತ್ತು. ತೀರ್ಮಾನ ಸರಿಯಿದ್ದು ಜಾಗ ತಪ್ಪಿದ್ದರೂ ತಪ್ಪು ಅಂತಲೇ ಬರೆದುಕೊಳ್ಳುತ್ತೇನೆ.

ಹೋದ ಚಳಿಗಾಲದಲ್ಲಿ ಹೆಚ್ಚೂಕಡಿಮೆ ಅದೇ ಗಳಿಗೆ ಮತ್ತೆ ಬಂತು. ಒಂದು ನಿಮಿಷಕ್ಕಿಂತ ಕಡಿಮೆ, ಒಂದು ಪಾಯಿಂಟಿನ ಅಂತರ, ಬೇಸ್‌ಲೈನ್, ಹಾರಿದ ಇಬ್ಬರು. ಊದಿದೆ, ಕೈ ಎತ್ತಿದೆ, ದಿಕ್ಕು ತೋರಿಸಲಿಲ್ಲ. ಸೆಂಟರ್ ಕಡೆ ನೋಡಿದೆ, ಅವನು ತಲೆ ಅಲ್ಲಾಡಿಸಿದ. ಟ್ರೇಲ್ ಕೂಡ ಇಲ್ಲ ಅಂದ. ಯಾರಿಗೂ ಗೊತ್ತಿಲ್ಲದಿದ್ದರೆ ಸ್ಕೋರ್ ಟೇಬಲ್ಲಿನ ಬಾಣ ನೋಡಬೇಕು, ಬಾಲ್ ಪಡೆಯುವ ಸರದಿ ಯಾವ ತಂಡದ್ದು ಅಂತ ಅದು ತೋರಿಸುತ್ತದೆ. ಎರಡು ಹೆಬ್ಬೆರಳು ಮೇಲೆತ್ತಿ ತೋರಿಸಿದೆ. ಬಾಣ ಕೆಂಪು ತಂಡದ ಕಡೆ ಇತ್ತು.

ಎದುರು ತಂಡದ ಕೋಚ್ ಗೆರೆವರೆಗೂ ಬಂದರು. "ಯಾರಿಗಾದರೂ ಕಂಡಿರಬೇಕಲ್ವಾ?"

"ಕೋಚ್, ಇಬ್ಬರ ಕೈಯೂ ಬಾಲ್ ಮೇಲಿತ್ತು. ಕೊನೆಗೆ ತಾಗಿದ್ದು ಯಾರದು ಅಂತ ನಮ್ಮ ಮೂವರಿಗೂ ಕಾಣಲಿಲ್ಲ. ಊಹೆ ಮಾಡಿ ಕೊಡಲ್ಲ."

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ತಿರುಗಿ ತಮ್ಮ ಹುಡುಗರಿಗೆ ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳತೊಡಗಿದರು. ನಾನು ಬಾಲ್ ಎತ್ತಿಕೊಂಡು ಬೇಸ್‌ಲೈನಿಗೆ ಹೋಗಿ ಕೆಂಪು ಜೆರ್ಸಿಯ ಹುಡುಗನ ಕೈಗೆ ಕೊಟ್ಟೆ, ಒಳಗೆ ಎಸೆಯಲು ಅವನಿಗಿರುವ ಐದು ಸೆಕೆಂಡು ಎಣಿಸತೊಡಗಿದೆ.