ಹ್ಯೂಸ್ಟನ್‌ಗೆ ಹೊರಟ ರಾಯಚೂರಿನವರಿಗೆ: ನೀರು ಮೇಲಿಂದ ಬಂತೋ, ಕೆಳಗಿಂದಲೋ?

ರಜೆಗೆ ರಾಯಚೂರಿಗೆ ಬಂದಾಗಲೆಲ್ಲ ಇದೇ ಕಥೆ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿನ್ನುತ್ತ ಕೂತಿರುತ್ತೇನೆ, ಓಣಿಯ ಯಾರದೋ ಮಗ ಟೆಕ್ಸಾಸ್‌ಗೆ ಹೊರಟಿದ್ದಾನೆ ಅಂತ ಕರೆದುಕೊಂಡು ಬರುತ್ತಾರೆ. ಸ್ಕೂಲು, ಕಾರು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಎಲ್ಲ ಕೇಳುತ್ತಾರೆ. ಮನೆ ಇನ್ಶೂರೆನ್ಸ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

2017ರ ಆಗಸ್ಟ್‌ನಲ್ಲಿ, ಟೆಕ್ಸಾಸ್‌ನಲ್ಲಿ ನಾವಿರುವ ಹ್ಯೂಸ್ಟನ್‌ಗೆ ಹಾರ್ವೆ ಚಂಡಮಾರುತ ಬಂತು. ದಿನಗಟ್ಟಲೆ ಮಳೆ. ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು. ಇನ್ಶೂರೆನ್ಸ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಆಮೇಲೆ ಒಂದೇ ಪುಟದ ಕಾಗದ ಬಂತು: ಇದು ಪ್ರವಾಹ, ನಿಮ್ಮ ಪಾಲಿಸಿಯಲ್ಲಿ ಸೇರಿಲ್ಲ. ಸಿಟ್ಟು ಬಂತು. ಆದರೆ ಪಾಲಿಸಿಯಲ್ಲಿ ಹಾಗೆ ಬರೆದೇ ಇತ್ತು, ನಾನು ಓದಿರಲಿಲ್ಲ.

ನಮ್ಮ ಕಡೆಯವರಿಗೆ ಇದು ತಲೆಗೆ ಹೋಗುವುದು ಕಷ್ಟ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಮನೆಗೆ ಆಪತ್ತು ಅಂದರೆ ನಮಗೆ ಮೊದಲು ನೆನಪಾಗುವುದೇ ಹೊಳೆ. 2009ರ ನೆರೆಯನ್ನು ಯಾರು ಮರೆತಿದ್ದಾರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ಹ್ಯೂಸ್ಟನ್‌ನಲ್ಲಿದ್ದ ಕಂಪ್ಲಿ, ಸಿರುಗುಪ್ಪ, ಮಾನ್ವಿ ಕಡೆಯವರೆಲ್ಲ ಫೋನ್ ಕೆಳಗಿಟ್ಟಿರಲಿಲ್ಲ. ಹೊಳೆ ನೀರಿಗೆ ದುಡ್ಡು ಕೊಡದ ಇನ್ಶೂರೆನ್ಸ್ ಅಂತ ಒಂದು ಇರುತ್ತದೆ ಅಂದರೆ ನಂಬುವುದು ಹೇಗೆ? ಅದೂ ಅಲ್ಲದೆ ಇಲ್ಲಿ ಭಾರತದಲ್ಲಿ ಹಾಗಿಲ್ಲ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ ಎಲ್ಲ ಒಂದರಲ್ಲೇ ಇವೆ. ಅಪ್ಪನ ಮನೆಗೆ ನಾನು ಮಾಡಿಸಿರುವುದು ಅದನ್ನೇ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಅವರು ಕೇಳುವ ಮೊದಲ ಪ್ರಶ್ನೆ, ನೀರು ಎಲ್ಲಿಂದ ಬಂತು? ಗಾಳಿಗೆ ಛಾವಣಿ ಕಿತ್ತು, ಆ ಕಂಡಿಯಿಂದ ಮಳೆ ಸುರಿದರೆ ಮನೆಯ ಸಾಮಾನ್ಯ ಪಾಲಿಸಿ ದುಡ್ಡು ಕೊಡುತ್ತದೆ. ಅದೇ ಮಳೆ ರಸ್ತೆಯಲ್ಲಿ ತುಂಬಿ ಬಾಗಿಲಿನಿಂದ ಒಳಗೆ ಬಂದರೆ ಇಲ್ಲ. ಚರಂಡಿ ನೀರು ಬಚ್ಚಲಿನಿಂದ ಉಕ್ಕಿದರೆ, ಅದಕ್ಕೆ ಬೇರೆ ಸೇರ್ಪಡೆ ತೆಗೆದುಕೊಂಡಿದ್ದರೆ ಮಾತ್ರ. ಭೂಕಂಪಕ್ಕೂ ಬೇರೆಯೇ ಪಾಲಿಸಿ. ಟೆಕ್ಸಾಸ್‌ನಲ್ಲಿ ಅದು ಅಷ್ಟು ಚಿಂತೆಯಲ್ಲ, ಕ್ಯಾಲಿಫೋರ್ನಿಯಾಗೆ ಹೋಗುವವರು ನೆನಪಿಟ್ಟುಕೊಳ್ಳಿ.

ನೆರೆ ಬಂದರೆ ಒಂದೇ ಸಲ ಇಡೀ ಊರಿಗೆ ಬರುತ್ತದೆ, ಖಾಸಗಿ ಕಂಪನಿಗಳಿಗೆ ಅದು ಲಾಭದ ವ್ಯಾಪಾರ ಅಲ್ಲ. ಅದಕ್ಕೇ 1968ರಲ್ಲಿ ಅಲ್ಲಿನ ಸರ್ಕಾರವೇ ರಾಷ್ಟ್ರೀಯ ಪ್ರವಾಹ ವಿಮೆ ಯೋಜನೆ ಶುರು ಮಾಡಿತು. ಮನೆ ಕಟ್ಟಡಕ್ಕೆ 2,50,000 ಡಾಲರ್‌ವರೆಗೆ, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ. ಸಾಮಾನಿನದನ್ನು ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು. ಮನೆ ರಿಪೇರಿ ಆಗುವವರೆಗೆ ಹೋಟೆಲ್ ಖರ್ಚು ಇದರಲ್ಲಿ ಬರುವುದಿಲ್ಲ. ಬಂಗಾರ ಜಾಸ್ತಿ ಇಟ್ಟುಕೊಳ್ಳುವ ನಮ್ಮ ಹೆಣ್ಣುಮಕ್ಕಳು ಇದನ್ನೂ ಕೇಳಿ: ಒಡವೆ, ಕಲಾಕೃತಿ ಅಂಥದ್ದೆಲ್ಲ ಸೇರಿ ಈ ಪಾಲಿಸಿ ಕೊಡುವುದು 2,500 ಡಾಲರ್ ಮಾತ್ರ. ಬಂಗಾರ ಲಾಕರ್‌ನಲ್ಲಿರಲಿ.

'ನಮ್ಮದು ನೆರೆ ವಲಯ ಅಲ್ಲ, ಬ್ಯಾಂಕ್ ಕೂಡ ಕೇಳಲಿಲ್ಲ' ಅಂತ ಹೊಸಬರು ಹೇಳುತ್ತಾರೆ. ಮನೆ ಸಾಲ ಕೊಡುವ ಬ್ಯಾಂಕ್ ಪ್ರವಾಹ ಪಾಲಿಸಿ ಕೇಳುವುದು ಸರ್ಕಾರದ ನೆರೆ ನಕ್ಷೆಯಲ್ಲಿ ಹೆಚ್ಚು ಅಪಾಯ ಅಂತ ಗುರುತಿಸಿದ ಜಾಗಕ್ಕೆ ಮಾತ್ರ. ನನ್ನ ಮನೆಯೂ ಆ ಗೆರೆಯ ಹೊರಗೇ ಇತ್ತು. ನೀರು ನಕ್ಷೆ ನೋಡಿ ಬರಲಿಲ್ಲ.

ಬಾಡಿಗೆಗೆ ಇರುವವರು ಸುಮ್ನೆ ಕೂರಬೇಡಿ. ಮಾಲೀಕನ ಇನ್ಶೂರೆನ್ಸ್ ಗೋಡೆ, ಛಾವಣಿಗೆ. ನಿಮ್ಮ ಸೋಫಾ, ಲ್ಯಾಪ್‌ಟಾಪ್‌ಗೆ ಅಲ್ಲ. ಬಾಡಿಗೆದಾರರ ಪಾಲಿಸಿ ಅಗ್ಗ, ಆದರೆ ಅದರಲ್ಲೂ ನೆರೆ ಇರುವುದಿಲ್ಲ. ಸಾಮಾನಿಗಷ್ಟೇ ಪ್ರವಾಹ ಪಾಲಿಸಿ ಬಾಡಿಗೆದಾರರೂ ಕೊಳ್ಳಬಹುದು.

ಗಾಳಿ, ಆಲಿಕಲ್ಲಿನ ವಿಷಯದಲ್ಲಿ ಡಿಡಕ್ಟಬಲ್ ನೋಡಿ, ಅಂದರೆ ನಿಮ್ಮ ಕೈಯಿಂದ ಮೊದಲು ಹಾಕುವ ದುಡ್ಡು. ಅದು ಎಷ್ಟೋ ಸಲ ಶೇಕಡಾ ಲೆಕ್ಕದಲ್ಲಿರುತ್ತದೆ. 'ಬರೀ 2 ಪರ್ಸೆಂಟ್' ಅಂತ ಏಜೆಂಟ್ ಅನ್ನುತ್ತಾನೆ. ಅದು ಹಾನಿಯ 2 ಪರ್ಸೆಂಟ್ ಅಲ್ಲ, ಮನೆಗೆ ಮಾಡಿಸಿದ ವಿಮೆ ಮೊತ್ತದ್ದು. 4,00,000 ಡಾಲರ್ ವಿಮೆ ಇದ್ದರೆ ಮೊದಲ 8,000 ಡಾಲರ್ ನಿಮ್ಮದೇ. ಹಾರ್ವೆಯಲ್ಲಿ ನಮ್ಮ ಛಾವಣಿಗೂ ಏಟು ಬಿದ್ದಿತ್ತು. ಅದು ಪಾಲಿಸಿಯಲ್ಲಿ ಇತ್ತು, ಆದರೆ ಖರ್ಚು ಡಿಡಕ್ಟಬಲ್ ದಾಟಲಿಲ್ಲ.

ಚಳಿಯದೂ ಒಂದು ಮಾತು. ನಮ್ಮೂರ ಬಿಸಿಲಿನಲ್ಲಿ ಬೆಳೆದವರಿಗೆ ಪೈಪ್ ಒಡೆಯುವ ಚಳಿ ಅಂದರೆ ನಗು ಬರುತ್ತದೆ, ಅಲ್ವಾ? 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿ ಮನೆಮನೆಗೂ ಅದೇ ಆಯಿತು. ಒಡೆದ ಪೈಪಿನ ಹಾನಿಗೆ ಪಾಲಿಸಿ ಸಾಮಾನ್ಯವಾಗಿ ದುಡ್ಡು ಕೊಡುತ್ತದೆ. ಆದರೆ ಹೀಟರ್ ಆರಿಸಿ, ನೀರಿನ ವಾಲ್ವ್ ಬಂದ್ ಮಾಡದೆ ಸಂಕ್ರಾಂತಿಗೆ ಊರಿಗೆ ಬಂದರೆ ಕ್ಲೇಮ್ ಸಿಗುವುದು ಅನುಮಾನ.

ಇನ್ನು ತಡ ಮಾಡಬೇಡಿ ಅನ್ನುವುದಕ್ಕೆ ಕಾರಣ ಇದೆ. ಪ್ರವಾಹ ಪಾಲಿಸಿ ಕೊಂಡರೆ ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ. ಸಾಲ ಮಾಡಿ ಮನೆ ಕೊಳ್ಳುವಾಗಲೇ ತೆಗೆದುಕೊಂಡರೆ ಈ ಕಾಯುವಿಕೆ ಇಲ್ಲ. ಟಿವಿಯಲ್ಲಿ ಚಂಡಮಾರುತ ಕಂಡ ಮೇಲೆ ಓಡಿದರೆ ಆಗುವುದಿಲ್ಲ. ಹರಿಕೇನ್ ಸೀಸನ್ ಜೂನ್ 1ಕ್ಕೆ ಶುರು, ಅಂದರೆ ಏಪ್ರಿಲ್ ಕೊನೆಯೊಳಗೆ ದುಡ್ಡು ಕಟ್ಟಿರಬೇಕು.