ಒಶೊಗ್ಬೊದಲ್ಲಿ ಕೂತು ನೋಡಿದ ಒಂಬತ್ತು ದಿನ

ನೈಜೀರಿಯಾದ ಒಶೊಗ್ಬೊ ಪಟ್ಟಣಕ್ಕೆ ನಾನು ಹೋದದ್ದು ಆಗಸ್ಟ್ ತಿಂಗಳಲ್ಲಿ, ಒಶುನ್ ನದೀದೇವತೆಯ ಉತ್ಸವದ ಸಮಯಕ್ಕೆ. ಯೊರುಬಾ ಜನರ ಮೂಲ ಧರ್ಮದ ಬಗ್ಗೆ ಪ್ರವಾಸ ಲೇಖನಗಳನ್ನು ಬರೆಯಬೇಕೆಂದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದೊಂದಿಗೆ ಮೂವತ್ತೆರಡು ಪ್ರಶ್ನೆಗಳ ಪಟ್ಟಿಯನ್ನೂ ಸಿದ್ಧಮಾಡಿಕೊಂಡು ಹೊರಟಿದ್ದೆ. ‘ನೀವು ಎಷ್ಟು ದೇವರುಗಳನ್ನು ನಂಬುತ್ತೀರಿ?’ ಎಂಬುದು ಮೊದಲನೆಯ ಪ್ರಶ್ನೆ. ತಾಳೆಬೀಜಗಳಿಂದ ಇಫಾ ಎಂಬ ಶಾಸ್ತ್ರ ಹೇಳುವ ಒಬ್ಬ ಹಿರಿಯರ ಮುಂದೆ ಅದನ್ನು ಇಟ್ಟಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದುಭಾಷಿಯ ಮೂಲಕ, ‘ನಾಳೆ ಬೆಳಿಗ್ಗೆ ಬಾ, ಕೂತು ನೋಡು, ಆಮೇಲೆ ಕೇಳು’ ಎಂದರು. ಅವರಂಥವರನ್ನು ಯೊರುಬಾದಲ್ಲಿ ಬಬಲಾವೊ, ಅಂದರೆ ರಹಸ್ಯಗಳ ತಂದೆ, ಎನ್ನುತ್ತಾರೆ. ನಾನು ಒಂಬತ್ತು ದಿನ ಅವರ ಜಗಲಿಯ ಮೂಲೆಯಲ್ಲಿ ಕೂತೆ. ನನ್ನ ಲೇಖನಗಳಲ್ಲಿ ಉಳಿಯತಕ್ಕದ್ದು ಏನಾದರೂ ಇದ್ದರೆ ಅದು ಆ ಜಗಲಿಯಿಂದ ಬಂದದ್ದು.

ಮೊದಲು ಕಲಿತದ್ದು ನಮಸ್ಕಾರ. ಬಂದವರೆಲ್ಲ ‘ಅಬೊರು, ಅಬೊಯೆ’ ಎನ್ನುತ್ತಿದ್ದರು. ಅರ್ಪಿಸಿದ್ದು ಸಲ್ಲಲಿ, ಸ್ವೀಕಾರವಾಗಲಿ ಎಂಬ ಅರ್ಥದ ಮಾತು ಅದು. ಎರಡನೆಯ ದಿನ ಒಬ್ಬ ಹೆಂಗಸು ಬಂದು ಚಾಪೆಯ ಮೇಲೆ ಕೂತರು. ತಮ್ಮ ಕಷ್ಟ ಏನೆಂದು ಅವರು ಬಬಲಾವೊಗೆ ಹೇಳಲೇ ಇಲ್ಲ. ಮಡಿಸಿದ ನೋಟೊಂದನ್ನು ತುಟಿಗೆ ತಾಕುವಷ್ಟು ಹತ್ತಿರ ಹಿಡಿದು, ಅದಕ್ಕೆ ಏನೋ ಪಿಸುಗುಟ್ಟಿ, ಕೆಳಗಿಟ್ಟರು. ಹಿರಿಯರು ಹದಿನಾರು ತಾಳೆಬೀಜಗಳನ್ನು ಎಡ ಅಂಗೈಯಲ್ಲಿ ತುಂಬಿಕೊಂಡು ಬಲಗೈಯಿಂದ ಒಂದೇ ಹಿಡಿತಕ್ಕೆ ಬಾಚಿದರು. ಎಡಗೈಯಲ್ಲಿ ಒಂದು ಬೀಜ ಉಳಿದರೆ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಒಂದೂ ಉಳಿಯದಿದ್ದರೆ ಅಥವಾ ಎರಡಕ್ಕಿಂತ ಹೆಚ್ಚು ಉಳಿದರೆ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಮರದ ಹಲಗೆಯ ಮೇಲೆ ಹರಡಿದ ನಸುಹಳದಿ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ಅವರು ನಾಲ್ಕು ನಾಲ್ಕರಂತೆ ಎರಡು ಸಾಲು ತುಂಬಿಸಿದರು. ಹೀಗೆ ಮೂಡಬಹುದಾದ ಆಕೃತಿಗಳು 256, ಅವುಗಳ ಹೆಸರು ಒಡು. ಪ್ರತಿಯೊಂದು ಒಡುವಿಗೂ ಕಥೆಗಳನ್ನೊಳಗೊಂಡ ಅನೇಕ ಪದ್ಯಗಳಿವೆ. ಅವನ್ನು ಬಾಯಿಪಾಠ ಮಾಡಲು ಶಿಷ್ಯರಿಗೆ ಅನೇಕ ವರ್ಷಗಳು ಹಿಡಿಯುತ್ತವೆ. ಹಿರಿಯರು ಒಂದಾದ ಮೇಲೆ ಒಂದು ಪದ್ಯ ಹೇಳುತ್ತಾ ಹೋದರು. ಒಂದು ಕಡೆ ಆ ಹೆಂಗಸು ಕೈ ಎತ್ತಿ ನಿಲ್ಲಿಸಿ, ಇದು ನನ್ನದು ಎಂದರು. ತನ್ನ ಪದ್ಯ ಯಾವುದೆಂದು ಗುರುತಿಸುವುದು ಕೇಳಲು ಬಂದವರ ಕೆಲಸ ಎಂಬುದು ನನ್ನ ಮೂವತ್ತೆರಡು ಪ್ರಶ್ನೆಗಳ ಅಂದಾಜಿಗೇ ಸಿಕ್ಕಿರಲಿಲ್ಲ. ಇಫಾವನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಮೌಖಿಕ ಪರಂಪರೆಗಳ ಸಾಲಿಗೆ ಸೇರಿಸಿದ್ದನ್ನು ಓದಿಕೊಂಡೇ ಹೋಗಿದ್ದೆ. ಆದರೆ ಆ ಎತ್ತಿದ ಕೈಯನ್ನು ನೋಡುವವರೆಗೆ ಆ ಮಾತಿನ ತೂಕ ನನಗೆ ತಿಳಿದಿರಲಿಲ್ಲ.

ಪಕ್ಕದ ಬೀದಿಯಲ್ಲಿ ಒಶುನ್ ಭಕ್ತೆಯೊಬ್ಬರು ಹದಿನಾರು ಕವಡೆ ಚೆಲ್ಲಿ ಶಾಸ್ತ್ರ ಹೇಳುತ್ತಿದ್ದರು. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಕವಡೆ ಸರಗಳನ್ನು ಕಂಡವನಿಗೆ ಅಲ್ಲಿ ಕಣ್ಣು ನಿಲ್ಲದೆ ಇರಲಿಲ್ಲ. ಮಾಲ್ದೀವ್ಸ್‌ನ ಕವಡೆ ಶತಮಾನಗಳ ಕಾಲ ಭಾರತಕ್ಕೂ ಬಂದಿತು, ಯುರೋಪಿನ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಕ್ಕೂ ಹೋಯಿತು; ಅಲ್ಲಿ ಗುಲಾಮರ ವ್ಯಾಪಾರಕ್ಕೆ ಅದೇ ನಾಣ್ಯವಾಗಿತ್ತು. ಹಾಗೆಂದು ಎರಡೂ ಕಡೆಯ ಆಚರಣೆ ಒಂದೇ ಎಂದು ನಾನು ಬರೆಯಲಿಲ್ಲ. ಹೋಲಿಕೆ ಓದುಗರಿಗೆ ಬಾಗಿಲು ತೆರೆಯಬೇಕೇ ಹೊರತು ಒಳಗಿರುವುದನ್ನು ಮುಚ್ಚಬಾರದು.

ನನ್ನ ದೊಡ್ಡ ತಪ್ಪು ಒಂದು ಪದದ್ದು. ಶಾಸ್ತ್ರದ ಹಲಗೆಯ ಅಂಚಿನಲ್ಲಿ ಕೆತ್ತಿರುವ ಮುಖ ಎಶುವಿನದು. ಮೊದಲ ದಿನದ ಟಿಪ್ಪಣಿಯಲ್ಲಿ ಅದನ್ನು ‘ಸೈತಾನ’ ಎಂದು ಬರೆದುಕೊಂಡಿದ್ದೆ, ಏಕೆಂದರೆ ನಾನು ಓದಿದ್ದ ಒಂದು ಕೈಪಿಡಿಯಲ್ಲಿ ಹಾಗೆಯೇ ಇತ್ತು. ಎಶು ಅರ್ಪಣೆಗಳನ್ನು ಮುಟ್ಟಿಸುವವನು, ಕವಲುದಾರಿಯಲ್ಲಿ ನಿಲ್ಲುವವನು. ಅವನಿಗೆ ಸಲ್ಲದೆ ಯಾವ ಪೂಜೆಯೂ ಮುಂದೆ ಹೋಗುವುದಿಲ್ಲ. 19ನೆಯ ಶತಮಾನದಲ್ಲಿ ಯೊರುಬಾ ಪಾದ್ರಿ ಸ್ಯಾಮ್ಯುಯೆಲ್ ಅಜಯಿ ಕ್ರೌಥರ್ ಬೈಬಲನ್ನು ಯೊರುಬಾಕ್ಕೆ ತರುವಾಗ ಸೈತಾನನಿಗೆ ಎಶು ಎಂಬ ಹೆಸರನ್ನೇ ಬಳಸಿದರು, ಅದು ನಿಂತುಬಿಟ್ಟಿತು. ತುಳುನಾಡಿನ ದೈವಾರಾಧನೆಯನ್ನು ಅದೇ ಕಾಲದ ಇಂಗ್ಲಿಷ್ ಬರಹಗಳು ಪಿಶಾಚಿಪೂಜೆ ಎಂದು ಕರೆದಾಗ ಆದ ಅನ್ಯಾಯ ನಮಗೆ ಗೊತ್ತು. ಗೊತ್ತಿದ್ದೂ ನಾನು ಅದನ್ನೇ ಮಾಡಿದ್ದೆ. ಅಂದಿನಿಂದ ಅಲ್ಲಿಯ ಹೆಸರುಗಳನ್ನು ಹಾಗೆಯೇ ಇಟ್ಟು, ಅವರವರ ಕೆಲಸವನ್ನು ಕನ್ನಡದಲ್ಲಿ ವಿವರಿಸುವುದನ್ನು ರೂಢಿಮಾಡಿಕೊಂಡೆ.

ಒಶುನ್ ದೇವತೆಯ ಪವಿತ್ರ ವನ ಸುಮಾರು 75 ಹೆಕ್ಟೇರ್. 2005ರಿಂದ ವಿಶ್ವ ಪರಂಪರೆಯ ತಾಣ. ಆಸ್ಟ್ರಿಯಾದಿಂದ ಬಂದು ಒಶೊಗ್ಬೊದಲ್ಲೇ ನೆಲೆನಿಂತ ಕಲಾವಿದೆ ಸುಸಾನ್ ವೆಂಗರ್ ಸ್ಥಳೀಯ ಕುಶಲಕರ್ಮಿಗಳೊಂದಿಗೆ ಮಾಡಿದ ಎತ್ತರದ ಶಿಲ್ಪಗಳು ಮರಗಳ ನಡುವೆ ಪಾಚಿ ಹಿಡಿದು ನಿಂತಿವೆ. ಊರಿನ ಕಥೆ ಇನ್ನೂ ಹಳೆಯದು: ನೀರು ಹುಡುಕುತ್ತಾ ಬಂದವರು ಕಡಿದ ಮರ ನದಿಗೆ ಬಿದ್ದಾಗ ಒಳಗಿನಿಂದ, ಬಟ್ಟೆಗೆ ನೀಲಿ ಬಣ್ಣ ಅದ್ದುವ ನನ್ನ ಮಡಕೆಗಳನ್ನೆಲ್ಲ ಒಡೆದಿರಿ ಎಂಬ ಕೂಗು ಕೇಳಿಸಿತಂತೆ. ಒಶೊಗ್ಬೊ ಇಂದಿಗೂ ನೀಲಿ ಅದ್ದಿದ ಬಟ್ಟೆಗೆ ಹೆಸರಾದ ಊರು.

ಉತ್ಸವದ ದಿನ ಅರುಗ್ಬಾ, ಅಂದರೆ ಅರ್ಪಣೆಯ ಸೋರೆಬುರುಡೆಯನ್ನು ತಲೆಯ ಮೇಲೆ ಹೊತ್ತ ಕನ್ಯೆ, ಅರಮನೆಯಿಂದ ನದಿಗೆ ನಡೆದಳು. ಅವಳು ಎಡವಬಾರದು. ‘ಒರೆ ಯೆಯೆ ಒ’ ಎಂಬ ಘೋಷದ ನಡುವೆ ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ, ಕ್ಯಾಮೆರಾ ಚೀಲದಲ್ಲೇ ಇತ್ತು. ಮಕ್ಕಳಿಗಾಗಿ ಹರಸಿಕೊಂಡ ಹೆಂಗಸರು ನದಿಯ ನೀರನ್ನು ಹಳದಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಕೊಳ್ಳುತ್ತಿದ್ದರು. ಒಬ್ಬರು ಮುಚ್ಚಳ ಬಿಗಿಯಾಗದೆ ತಮ್ಮ ಸೆರಗಿನ ತುಂಡನ್ನೇ ಹರಿದು ಅದರ ಬಾಯಿಗೆ ಸುತ್ತಿದರು.

ಹೊರಡುವ ಹಿಂದಿನ ಸಂಜೆ ಬರೆದದ್ದನ್ನೆಲ್ಲ ದುಭಾಷಿಯಿಂದ ಹಿರಿಯರಿಗೆ ಓದಿಸಿದೆ. ಅವರು ಎರಡು ಕಡೆ ತಿದ್ದಿದರು, ಒಂದು ಅರ್ಪಣೆಯ ವಿವರವನ್ನು ಬಿಡಬೇಕೆಂದರು. ಅದನ್ನು ಅಲ್ಲೇ ಅವರ ಮುಂದೆ ಹೊಡೆದುಹಾಕಿದೆ.