2 ಎಕರೆ 30 ಗುಂಟೆ: ತಿಪಟೂರು ಕೋರ್ಟಿನಲ್ಲಿ ನನ್ನ ನಾಲ್ಕು ವಾರ

ನನ್ನ ಮೊದಲ ಇಂಟರ್ನ್‌ಶಿಪ್ ಬೆಂಗಳೂರಿನ ಒಂದು ಲಾ ಫರ್ಮಿನಲ್ಲಿ. ನಾಲ್ಕು ವಾರ ಏಸಿ ರೂಮಿನಲ್ಲಿ ಕೂತು ಹಳೆಯ ತೀರ್ಪುಗಳನ್ನು ಹುಡುಕಿದೆ, ಸಾರಾಂಶ ಟೈಪ್ ಮಾಡಿದೆ. ಒಬ್ಬ ಕಕ್ಷಿದಾರರ ಮುಖವನ್ನೂ ನೋಡಲಿಲ್ಲ. ಸರ್ಟಿಫಿಕೇಟ್ ಮಾತ್ರ ಒಳ್ಳೆ ದಪ್ಪ ಕಾಗದದ್ದು.

ಐದು ವರ್ಷದ ಕಾನೂನು ಕೋರ್ಸಿನವರು ಒಟ್ಟು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು, ಮೂರು ವರ್ಷದವರು 12 ವಾರ. ಬಾರ್ ಕೌನ್ಸಿಲ್ ನಿಯಮ ಅದು. ಹಾಗಾಗಿ 2022ರ ರಜೆಯಲ್ಲಿ ತಿಪಟೂರಿನ ಅಜ್ಜಿ ಮನೆಗೆ ಹೋದೆ. ಈಮೇಲ್ ಕಳಿಸುವ ಗೋಜಿಗೆ ಹೋಗಲಿಲ್ಲ. ಕಾಲೇಜಿನ ಪತ್ರ ಹಿಡಿದು ಸಂಜೆ ಆರೂವರೆಗೆ ಒಬ್ಬ ಸಿವಿಲ್ ವಕೀಲರ ಆಫೀಸಿನ ಬಾಗಿಲಲ್ಲಿ ನಿಂತೆ. ಬೆಳಿಗ್ಗೆ ಹೋದರೆ ವಕೀಲರು ಸಿಗುವುದಿಲ್ಲ, ಸಿಕ್ಕರೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡ ಓದೋಕೆ ಬರೆಯೋಕೆ ಚೆನ್ನಾಗಿ ಬರುತ್ತಾ?"

ಬರುತ್ತೆ ಸರ್ ಅಂದೆ. ಎಷ್ಟು ಬರುತ್ತದೆ ಅನ್ನುವುದು ಮೂರನೇ ದಿನ ಗೊತ್ತಾಯಿತು.

ಒಂದು ಪಾಲಿನ ದಾವೆ ತಯಾರಾಗುತ್ತಿತ್ತು. ಇಬ್ಬರು ಅಕ್ಕತಂಗಿಯರು ಅಣ್ಣನ ಮೇಲೆ ಹಾಕುತ್ತಿದ್ದ ಕೇಸು. ಪಹಣಿ ನೋಡಿ ಆಸ್ತಿಯ ಷೆಡ್ಯೂಲ್ ಬರೆಯುವ ಕೆಲಸ ನನಗೆ ಬಂತು. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ. ಚೆಕ್ಕುಬಂದಿ ಅಂದರೆ ಜಮೀನಿನ ನಾಲ್ಕೂ ದಿಕ್ಕಿಗೆ ಏನೇನಿದೆ ಅನ್ನುವುದು. ಆ ಪದವನ್ನು ಮೂರು ವರ್ಷದ ಕಾನೂನು ಓದಿನಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಪಹಣಿಯಲ್ಲಿ ವಿಸ್ತೀರ್ಣ 2.30 ಅಂತ ಇತ್ತು. ನಾನು ನೀಟಾಗಿ "2.30 ಎಕರೆ" ಅಂತ ಟೈಪ್ ಮಾಡಿ ಕೊಟ್ಟೆ.

ಗುಮಾಸ್ತರು ಕನ್ನಡಕ ಮೇಲೆತ್ತಿ ನೋಡಿದರು. "ಏನಮ್ಮಾ, ಹದಿನೆಂಟು ಗುಂಟೆ ಯಾರಿಗೆ ದಾನ ಮಾಡ್ಬಿಟ್ಟೆ?"

ಆ ಚುಕ್ಕೆ ದಶಮಾಂಶದ್ದಲ್ಲ. 2 ಎಕರೆ 30 ಗುಂಟೆ ಅಂತ ಅದರ ಅರ್ಥ. ಎಕರೆಗೆ 40 ಗುಂಟೆ, ಅಂದರೆ ಅದು ಎರಡೂಮುಕ್ಕಾಲು ಎಕರೆ. ನಾನು ಬರೆದ ಹಾಗೆ ಓದಿದರೆ 2 ಎಕರೆ 12 ಗುಂಟೆ ಆಗುತ್ತದೆ. ದಾವೆಯಲ್ಲಿ ಸೇರಿದ ತಪ್ಪು ಯಾರೂ ಗಮನಿಸದಿದ್ದರೆ ಡಿಕ್ರಿಯವರೆಗೂ, ಅಂದರೆ ಕೋರ್ಟಿನ ಕೊನೆಯ ಆದೇಶದವರೆಗೂ ಹೋಗುತ್ತದೆ. ಆಮೇಲೆ ತಿದ್ದುಪಡಿ ಅರ್ಜಿ, ಇನ್ನಷ್ಟು ವಾಯಿದೆ. ನಮ್ಮ ತಾತನಿಗೂ ತೋಟ ಇತ್ತು, ನನಗೆ ಗೊತ್ತಿರಬೇಕಿತ್ತು ಅಲ್ವಾ? ನಾಚಿಕೆಯಾಯಿತು.

ಅವತ್ತಿನಿಂದ ಗುಮಾಸ್ತರ ಪಕ್ಕದ ಸ್ಟೂಲೇ ನನ್ನ ಜಾಗ. ಇಷ್ಟು ಬೆಲೆಬಾಳುವ ಜಮೀನಿಗೆ ಕೋರ್ಟ್ ಫೀ ಎಷ್ಟು ಅಂತ ಒಂದು ದಿನ ಕೇಳಿದರು. ಲಕ್ಷದ ಲೆಕ್ಕದಲ್ಲಿ ಏನೋ ಹೇಳಿದೆ. "ಇನ್ನೂರು ರೂಪಾಯಿ" ಅಂದರು. ಹೆಣ್ಣುಮಕ್ಕಳೂ ಜಂಟಿ ಸ್ವಾಧೀನದಲ್ಲಿದ್ದಾರೆ ಅಂತ ದಾವೆಯಲ್ಲಿ ಹೇಳಿದರೆ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ 35(2)ನೇ ಕಲಂ ಪ್ರಕಾರ ನಿಗದಿತ ಶುಲ್ಕ. ಸ್ವಾಧೀನದಿಂದ ಹೊರಗಿದ್ದೇವೆ ಅಂದರೆ ಅವರ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಒಂದು ವಾಕ್ಯದ ಮೇಲೆ ಅಷ್ಟು ದುಡ್ಡು ನಿಂತಿರುತ್ತದೆ. ಹಾಗಂತ ಸುಳ್ಳು ಬರೆಯುವಂತಿಲ್ಲ, ಪಾಟೀಸವಾಲಿನಲ್ಲಿ ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

ನಿಜವಾದ ಪರೀಕ್ಷೆ ಎರಡನೇ ವಾರ ಬಂತು. ಅಕ್ಕತಂಗಿಯರಲ್ಲಿ ದೊಡ್ಡವರು ಬಂದು ಕೂತರು. ಸೀನಿಯರ್, ಅಂದರೆ ನಮ್ಮ ವಕೀಲರು, ಫೋನಿನಲ್ಲಿದ್ದರು, ನನ್ನ ಕಡೆ ಕೈ ತೋರಿಸಿದರು. ಆ ಅಮ್ಮ ಕೇಳಿದರು: "ನಮ್ಮಪ್ಪ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಕಾನೂನು ಬಂದಿದ್ದು ಆಮೇಲಂತೆ. ನಮಗೂ ಬರುತ್ತೇನಮ್ಮಾ?"

ಉತ್ತರ ಗೊತ್ತಿತ್ತು. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2020ರ ವಿನೀತಾ ಶರ್ಮಾ ತೀರ್ಪನ್ನು ಬೆಂಗಳೂರಿನಲ್ಲಿ ಎರಡು ಪುಟಕ್ಕೆ ಇಳಿಸಿದ್ದವಳು ನಾನೇ. ಆದರೆ ಬಾಯಿಗೆ ಬಂದಿದ್ದೆಲ್ಲ ಇಂಗ್ಲಿಷು. "ಕೋಪಾರ್ಸನರ್..." ಅಂತ ಶುರು ಮಾಡಿ ನಿಲ್ಲಿಸಿದೆ. ಅವರು ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ: "ಪಿತ್ರಾರ್ಜಿತ ಆಸ್ತಿಲಿ ನಿಮ್ಮ ಹಕ್ಕು ನೀವು ಹುಟ್ಟಿದಾಗಲೇ ಬಂದಿದ್ದು ಅಮ್ಮ. 2005ರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋ ಕಾನೂನು ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ರಿಜಿಸ್ಟರ್ ಆಗಿ ಪಾಲಾಗಿದ್ರೆ ಕಷ್ಟ. ಹಾಗೇನಾದ್ರೂ ಆಗಿತ್ತಾ?" ಇಲ್ಲ ಅಂದರು. ಫೋನಿಟ್ಟ ಸೀನಿಯರ್ ಏನೂ ಹೇಳಲಿಲ್ಲ. ಮಾರನೇ ದಿನದಿಂದ ಕಕ್ಷಿದಾರರು ಬಂದಾಗ ನೋಟ್ಸ್ ಬರೆಯಲು ನನ್ನನ್ನು ಕೂರಿಸಿಕೊಂಡರು.

ಉಳಿದ ದಿನಗಳು ಓಡಾಟದಲ್ಲೇ ಹೋದವು. ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚು, ಮುಂದಿನ ತಾರೀಖು ಬರೆದುಕೊಳ್ಳುವುದು, ನಕಲಿಗೆ ಅರ್ಜಿ ಹಾಕುವುದು. ನಮ್ಮ ಸಿಲಬಸ್ಸಿನಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವುದಕ್ಕೇ 30 ಅಂಕ ಇದೆ. ಜಾಸ್ತಿ ಜನ ಹಿಂದಿನ ಬ್ಯಾಚಿನವರ ರೆಕಾರ್ಡ್ ನೋಡಿ ನಕಲು ಮಾಡುತ್ತಾರೆ. ನಾನೂ ಹಾಗೇ ಮಾಡುವವಳಿದ್ದೆ, ಸುಳ್ಳು ಯಾಕೆ ಹೇಳಲಿ.

ದುಡ್ಡು? ಒಂದು ರೂಪಾಯಿಯೂ ಇಲ್ಲ. ದಿನಕ್ಕೆ ಎರಡು ಕಾಫಿ, ಅಷ್ಟೇ. ನನಗೆ ಅಜ್ಜಿ ಮನೆ ಇತ್ತು, ನಡೆಯಿತು. ರೂಮ್ ಬಾಡಿಗೆ ಕೊಟ್ಟು ಮಾಡಬೇಕಾದವರಿಗೆ ಈ ವ್ಯವಸ್ಥೆ ಅನ್ಯಾಯವೇ. ಕಲಿಯುತ್ತೀರಲ್ಲ ಅನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ.

ಆ ದಾವೆಯ ಸಿಎನ್‌ಆರ್ ನಂಬರ್, ಅಂದರೆ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ, ಇನ್ನೂ ನನ್ನ ಫೋನಿನಲ್ಲಿದೆ. ಮೊನ್ನೆ ಇಕೋರ್ಟ್ಸ್ ಆ್ಯಪಿನಲ್ಲಿ ನೋಡಿದೆ. ವಾದಿಯ ಸಾಕ್ಷ್ಯಕ್ಕೆ ಇಟ್ಟಿದ್ದಾರೆ.